ಒಂದೇ ಲೋಲಕ, ಎರಡು ರೆಕಾರ್ಡು

ನಾನು ಓದಿದ್ದು ಕರ್ನಾಟಕದಲ್ಲಿ, ಮಗಳು ಓದುತ್ತಿರುವುದು ಹೊರಗಡೆ. ಮೊನ್ನೆ ಅವಳ ಸರಳ ಲೋಲಕದ (ದಾರಕ್ಕೆ ಗುಂಡು ಕಟ್ಟಿ ತೂಗಾಡಿಸುವ ಪ್ರಯೋಗ) ವರದಿ ನೋಡಿ ನನ್ನ ಹಳೆಯ ಪ್ರಾಕ್ಟಿಕಲ್ ರೆಕಾರ್ಡು ನೆನಪಾಯಿತು. ಎಡಗಡೆ ಖಾಲಿ ಹಾಳೆಯಲ್ಲಿ ಪೆನ್ಸಿಲ್ ಚಿತ್ರ. ಬಲಗಡೆ ಗೆರೆ ಹಾಳೆಯಲ್ಲಿ ಉದ್ದೇಶ, ಉಪಕರಣ, ವಿಧಾನ, ಫಲಿತಾಂಶ. ಎಲ್ಲವೂ ‘ಅಳೆಯಲಾಯಿತು’, ‘ಎಣಿಸಲಾಯಿತು’. ಮಾಡಿದವರು ಯಾರೋ!

ಅಕ್ಷರ ಮುತ್ತಿನ ಹಾಗಿತ್ತು. ಅಂಕಿಗಳ ಕಥೆ ಬೇರೆ. ಲೋಲಕದಿಂದ ಲೆಕ್ಕ ಹಾಕುವ ‘ಜಿ’ (ಭೂಮಿಯ ಸೆಳೆತಕ್ಕೆ ಬೀಳುವ ವಸ್ತುವಿನ ವೇಗ ಹೆಚ್ಚುವ ದರ) ಬೆಲೆ ಸೆಂ.ಮೀ. ಲೆಕ್ಕದಲ್ಲಿ 980ರ ಹತ್ತಿರ ಬರಬೇಕು ಅಂತ ಮೊದಲೇ ಗೊತ್ತಲ್ವಾ? ಬರದಿದ್ದರೆ ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ರೀಡಿಂಗ್ ತುಂಬುತ್ತಿದ್ದೆವು. ಸಹಿ ಬಿದ್ದರೆ ಮುಗಿಯಿತು.

ಮಗಳ ಕೋಷ್ಟಕದಲ್ಲಿ 20 ಆಂದೋಲನಕ್ಕೆ (ಗುಂಡು ಒಮ್ಮೆ ಹೋಗಿ ಬಂದರೆ ಒಂದು) ಮೂರು ರೀಡಿಂಗ್ ಇದ್ದವು: 40.2, 38.1, 40.3 ಸೆಕೆಂಡು. ನಾನಾಗಿದ್ದರೆ ನಡುವಿನದನ್ನು ಸುಮ್ನೆ ಅಳಿಸುತ್ತಿದ್ದೆ. ಅವಳು ಅದನ್ನು ಉಳಿಸಿಕೊಂಡು ಕೆಳಗೆ ಬರೆದಿದ್ದಳು: ‘ಗುಂಡು ಬಿಟ್ಟ ಕೂಡಲೇ ಒಂದು ಅಂತ ಎಣಿಸಿರಬೇಕು. ಸರಾಸರಿಗೆ ಸೇರಿಸಿಲ್ಲ.’ ಸರಿಯಾಗಿಯೇ ಹಿಡಿದಿದ್ದಳು. ಸೊನ್ನೆಯಿಂದ ಶುರು ಮಾಡದಿದ್ದರೆ ನಡೆಯುವುದು 19 ಆಂದೋಲನ. ಒಂದು ಮೀಟರ್ ಲೋಲಕಕ್ಕೆ ಒಂದೊಂದಕ್ಕೂ ಸುಮಾರು 2 ಸೆಕೆಂಡು ಬೇಕು. ಕಾಣೆಯಾದ 2 ಸೆಕೆಂಡು ಅಲ್ಲಿ ಸಿಕ್ಕಿತು.

ಹೊಂದದ ಅಂಕಿಯನ್ನು ಬಚ್ಚಿಡದೆ ಇದ್ದದ್ದಕ್ಕೆ ಆರ್ಗಾನ್ ಅನಿಲ ಸಿಕ್ಕಿದ ಕಥೆಯೂ ಇದೆ. ಗಾಳಿಯಿಂದ ತೆಗೆದ ನೈಟ್ರೋಜನ್, ಅಮೋನಿಯಾದಿಂದ ಮಾಡಿದ್ದಕ್ಕಿಂತ ಒಂಚೂರು ಜಾಸ್ತಿ ತೂಗುತ್ತಿತ್ತು. ಕಾರಣ ಹೊಳೆಯದ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ 1892ರಲ್ಲಿ ‘ನೇಚರ್’ ಪತ್ರಿಕೆಗೆ ಪತ್ರ ಬರೆದು, ಯಾರಿಗಾದರೂ ಗೊತ್ತಾದರೆ ಹೇಳಿ ಅಂತ ಕೇಳಿದರು. 1894ರಲ್ಲಿ ರೇಲಿ, ರಸಾಯನವಿಜ್ಞಾನಿ ರಾಮ್ಸೆ ಇಬ್ಬರೂ ಸೇರಿ, ಗಾಳಿಯ ನೈಟ್ರೋಜನ್ ಜೊತೆ ಬೆರೆತು ತೂಕ ಹೆಚ್ಚಿಸುತ್ತಿದ್ದ ಹೊಸ ಅನಿಲವನ್ನೇ ಪ್ರಕಟಿಸಿದರು. ನಮ್ಮ ಕೈಗೆ ಆ ತೂಕ ಸಿಕ್ಕಿದ್ದರೆ ರಬ್ಬರ್‌ಗೆ ಕೆಲಸ ಬೀಳುತ್ತಿತ್ತು.

ಹಾಗಂತ ಮಗಳ ವರದಿಗೆ ಪೂರ್ತಿ ಅಂಕ ಕೊಡಲಾರೆ. ಚಿತ್ರವೇ ಇಲ್ಲ. ‘ದಾರದ ಉದ್ದ 100 ಸೆಂ.ಮೀ.’ ಅಂತಿದೆ. ಎಲ್ಲಿಂದ ಎಲ್ಲಿಗೆ? ಲೋಲಕದ ಉದ್ದ ಅಂದರೆ ತೂಗು ಹಾಕಿದ ಜಾಗದಿಂದ ಗುಂಡಿನ ನಡುಮಧ್ಯದವರೆಗೆ. ಗುಂಡು 2 ಸೆಂ.ಮೀ. ದಪ್ಪ ಇದ್ದು, ದಾರವನ್ನಷ್ಟೇ ಅಳೆದಿದ್ದರೆ ‘ಜಿ’ ಬೆಲೆಯಲ್ಲಿ ಶೇಕಡ 1ರಷ್ಟು ತಪ್ಪು. ಎಷ್ಟು ಓರೆಗೆ ಎಳೆದು ಬಿಟ್ಟಳೋ ಅದೂ ಇಲ್ಲ. ಈ ವರದಿ ಹಿಡಿದುಕೊಂಡು ಇನ್ನೊಬ್ಬರು ಅದೇ ಪ್ರಯೋಗ ಮಾಡಲಾರರು. ನಮ್ಮ ಎಡಗಡೆ ಹಾಳೆಯ ಚಿತ್ರದಲ್ಲಿ ಬಾಣ ಹಾಕಿ ಆ ಉದ್ದ ತೋರಿಸಲೇಬೇಕಿತ್ತು. ಆ ಶಿಸ್ತನ್ನು ನಾನು ಬಿಟ್ಟುಕೊಡಲ್ಲ.

ಹೇಳಿದೆ. ಗೊಣಗುತ್ತಲೇ ಎದ್ದು ಮತ್ತೆ ಅಳೆದಳು. 101 ಬಂತು. ಹಳೆಯ 100ರ ಮೇಲೆ ಒಂದೇ ಗೀಟು ಎಳೆದು, ಓದಲು ಬರುವ ಹಾಗೆ ಬಿಟ್ಟು, ಪಕ್ಕದಲ್ಲಿ ಹೊಸದನ್ನು ಬರೆದಳು. ಆಮೇಲೆ ಪೆನ್ಸಿಲ್ ಹುಡುಕಿದಳು.