ಲಾಠಿಗೆ ಮುಂಚಿನ ಅರ್ಧ ಗಂಟೆ

ಹಂಪನಕಟ್ಟೆಯಲ್ಲಿ ಲಾಠಿ ಬೀಸಿದರೆ ಸಂಜೆಯೊಳಗೆ ಮಂಗಳೂರಿನ ಎಲ್ಲ ವಾಟ್ಸ್‌ಆ್ಯಪ್ ಗ್ರೂಪಿನಲ್ಲೂ ಅದೇ ಇಪ್ಪತ್ತು ಸೆಕೆಂಡಿನ ವಿಡಿಯೊ. ಕೆಲವರಿಗೆ ಅದರಲ್ಲಿ ಕಲ್ಲು ಮಾತ್ರ ಕಾಣುತ್ತದೆ, ಕೆಲವರಿಗೆ ಲಾಠಿ ಮಾತ್ರ. ಅದಕ್ಕೆ ಮುಂಚಿನ ಅರ್ಧ ಗಂಟೆ ಏನಾಯಿತು ಅಂತ ಕೇಳಿದರೆ ಯಾರಲ್ಲೂ ಉತ್ತರ ಇಲ್ಲ. ಬಲಪ್ರಯೋಗ ಸರಿಯೋ ತಪ್ಪೋ ಅಂತ ಗೊತ್ತಾಗುವುದು ಮಾತ್ರ ಅಲ್ಲಿಂದಲೇ.

ಚದುರಿ ಅಂತ ಹೇಳಿದ್ದು ಯಾರು? ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) 148ನೇ ಸೆಕ್ಷನ್ ಪ್ರಕಾರ ಹಾಗೆ ಹೇಳಬಹುದಾದವರು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಅಥವಾ ಠಾಣಾಧಿಕಾರಿ. ಠಾಣಾಧಿಕಾರಿ ಇಲ್ಲದಿದ್ದರೆ ಕನಿಷ್ಠ ಸಬ್ ಇನ್‌ಸ್ಪೆಕ್ಟರ್. ಉಡುಪಿಯ ಅಜ್ಜರಕಾಡಿನಲ್ಲಿ ಜನ ಸೇರಿದರೆ ನಿಷೇಧಾಜ್ಞೆ ಬರುವುದು ಜಿಲ್ಲಾಡಳಿತದಿಂದ. ಮಂಗಳೂರು ನಗರದಲ್ಲಿ ಕಮಿಷನರೇಟ್ ಉಂಟಲ್ಲ, ಅಂದರೆ ಮ್ಯಾಜಿಸ್ಟ್ರೇಟ್ ಅಧಿಕಾರವೂ ಪೊಲೀಸ್ ಕಮಿಷನರ್ ಕೈಯಲ್ಲೇ, ಆಜ್ಞೆ ಹೊರಡಿಸುವುದೂ ಪೊಲೀಸರು, ಜಾರಿ ಮಾಡುವುದೂ ಪೊಲೀಸರು. ಹಾಗಾಗಿ ಇಲ್ಲಿನ ವರದಿಗಾರ ಆದೇಶದ ಪ್ರತಿ ಕೇಳಲೇಬೇಕು. ಎಷ್ಟು ಗಂಟೆಗೆ ಸಹಿ ಆಯಿತು, ಜನರಿಗೆ ಎಷ್ಟು ಗಂಟೆಗೆ ತಿಳಿಸಿದರು? ಇಂಥ ಆದೇಶಗಳನ್ನು ಪ್ರಕಟಿಸಬೇಕು, ನ್ಯಾಯವಾದ ಭಿನ್ನಾಭಿಪ್ರಾಯ ಅದುಮಲು ಬಳಸಬಾರದು ಅಂತ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲೇ ಕಾಶ್ಮೀರದ ನಿರ್ಬಂಧಗಳ ಕುರಿತ ಅನುರಾಧಾ ಭಸಿನ್ ಪ್ರಕರಣದಲ್ಲಿ ಹೇಳಿದೆ.

ಮತ್ತೆ ಎಚ್ಚರಿಕೆ. ಬಸ್ ಹಾರನ್, ಘೋಷಣೆ ಎರಡರ ನಡುವೆ ಕೈಮೈಕಿನ ಮಾತು ಮೂರನೇ ಸಾಲಿಗೇ ಕೇಳುವುದಿಲ್ಲ. ಜೀಪಿನ ಧ್ವನಿವರ್ಧಕದಲ್ಲಿ ಕನ್ನಡ, ತುಳು, ಬ್ಯಾರಿಯಲ್ಲಿ ಮತ್ತೆ ಮತ್ತೆ ಹೇಳಬೇಕು, ಹೇಳಿದ್ದನ್ನು ರೆಕಾರ್ಡ್ ಮಾಡಬೇಕು, ಹೋಗಲಿಕ್ಕೆ ಸಮಯ ಕೊಡಬೇಕು. ಎಲ್ಲಕ್ಕಿಂತ ಮುಖ್ಯ, ಹೋಗಲಿಕ್ಕೆ ದಾರಿ! ಎರಡೂ ತುದಿ ಮುಚ್ಚಿ ಮಧ್ಯಕ್ಕೆ ನುಗ್ಗಿದರೆ ಜನ ಬಂದರಿನ ಓಣಿಗಳಿಗೆ, ಅಂಗಡಿಗಳೊಳಗೆ ಓಡುತ್ತಾರೆ. ಅಲ್ಲಿಗೂ ಬೆನ್ನಟ್ಟಿ ಹೊಡೆದರೆ ಅದಕ್ಕೆ ಗುಂಪು ಚದುರಿಸುವುದು ಅಂತ ಹೇಳಲಿಕ್ಕಾಗುವುದಿಲ್ಲ ಮಾರಾಯ್ರೆ. ಪೆಟ್ಟು ಸೊಂಟದಿಂದ ಕೆಳಗೆ, ತಲೆಗೆ ಅಲ್ಲ. ಇದು ತರಬೇತಿಯ ಮೊದಲ ಪಾಠ.

ಅಶ್ರುವಾಯುವಿನದ್ದು ಬೇರೆಯೇ ಲೆಕ್ಕ. ಶೆಲ್ ಅನ್ನು ಓರೆಯಾಗಿ ಮೇಲಕ್ಕೆ ಹಾರಿಸಿ ಗುಂಪಿನ ಮುಂದೆ ಬೀಳಿಸಬೇಕು. ನೇರ ಹಾರಿಸಿದರೆ ತಲೆಬುರುಡೆ ಒಡೆಯಬಹುದು. ನಮ್ಮಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಕಡಲಿನಿಂದ ಬೀಸುತ್ತದೆ. ಪಡುವಣಕ್ಕೆ ಮುಖ ಮಾಡಿ ಹಾರಿಸಿದವರ ಕಣ್ಣಿಗೇ ಹೊಗೆ ವಾಪಸ್ ಬರುತ್ತದೆ, ಸಾಲು ಒಡೆಯುತ್ತದೆ, ಆಮೇಲಿನದ್ದು ಗಾಬರಿಯಲ್ಲಿ ನಡೆಯುವ ಕೆಲಸ.

2019ರ ಡಿಸೆಂಬರ್ 19ರಂದು ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧದ ಪ್ರತಿಭಟನೆಯ ವೇಳೆ ಇಲ್ಲಿ ಪೊಲೀಸ್ ಗೋಲಿಬಾರಿಗೆ ಇಬ್ಬರು ಸತ್ತರು. ಆ ರಾತ್ರಿ ಇಂಟರ್ನೆಟ್ ಬಂದ್. ಮರುದಿನ ವೆನ್ಲಾಕ್ ಆಸ್ಪತ್ರೆಯ ಬಳಿ ವರದಿ ಮಾಡುತ್ತಿದ್ದ ಕೇರಳದ ಪತ್ರಕರ್ತರನ್ನು ವಶಕ್ಕೆ ಪಡೆದು, ಕೆಲವು ಗಂಟೆಗಳ ನಂತರ ತಲಪಾಡಿ ಗಡಿಯಲ್ಲಿ ಬಿಟ್ಟರು. ಮಾನ್ಯತಾ ಪತ್ರ ಇಲ್ಲ ಅನ್ನುವುದು ಆಗ ಕೊಟ್ಟ ಒಂದು ಕಾರಣ. ವಾರ್ತಾ ಇಲಾಖೆಯ ಆ ಕಾರ್ಡು ಒಂದು ಸೌಲಭ್ಯ ಅಷ್ಟೇ, ವರದಿ ಮಾಡಲಿಕ್ಕೆ ಪರವಾನಗಿ ಅಲ್ಲ.

ನಮ್ಮ ಮಾಧ್ಯಮದವರಲ್ಲೂ ನನ್ನ ತಕರಾರು ಉಂಟು. ಪೊಲೀಸ್ ಸಾಲಿನ ಹಿಂದೆ ನಿಂತ ಕ್ಯಾಮೆರಾಕ್ಕೆ ಬರುವ ಕಲ್ಲು ಮಾತ್ರ ಸಿಗುತ್ತದೆ. ಒಬ್ಬರಾದರೂ ಯಾವುದಾದರೂ ಕಟ್ಟಡದ ಟೆರೇಸಿಗೆ ಹತ್ತಿ. ‘ಸಾವಿರಾರು ಜನ’ ಬರೆಯುವ ಮುಂಚೆ ರಸ್ತೆ ಅಳೆಯಿರಿ: 12 ಮೀಟರ್ ಅಗಲ, 100 ಮೀಟರ್ ಉದ್ದ ಅಂದರೆ 1,200 ಚದರ ಮೀಟರ್. ಜನ ಸಡಿಲ ನಿಂತಿದ್ದರೆ ಸುಮಾರು 1,200, ಒತ್ತಾಗಿ ನಿಂತಿದ್ದರೆ 2,800ರ ಆಸುಪಾಸು. ಹೆಚ್ಚಿಗೆ ಹೇಳುವುದು ಸಂಘಟಕರ ಚಾಳಿ, ಕಡಿಮೆ ಹೇಳುವುದು ಪೊಲೀಸರ ಚಾಳಿ.

ಎಫ್‌ಐಆರ್ ನೋಡದೆ ವರದಿ ಮುಗಿಸಬೇಡಿ. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದದ್ದನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಅಂತ 2016ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆರೋಪಿಗಳಲ್ಲಿ ಹೆಸರು ಇರುವವರು ಎಷ್ಟು, ಹೆಸರಿಲ್ಲದ ‘ಇತರರು’ ಎಷ್ಟು ಅಂತ ಲೆಕ್ಕ ಹಾಕಿ. ಆ ‘ಇತರರು’ ಒಳಗೆ ನಾಳೆ ಯಾರನ್ನೂ ಸೇರಿಸಬಹುದು.

ವಿಡಿಯೊ ಮಾಡುವವರು ಶುರುವಿನಲ್ಲೇ ಜಾಗ, ಸಮಯ ಬಾಯಲ್ಲಿ ಹೇಳಿ. ವಾಟ್ಸ್‌ಆ್ಯಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಫೈಲ್ ಕುಗ್ಗುತ್ತದೆ, ತಾರೀಕಿನ ಮಾಹಿತಿಯೂ ಹೋಗುತ್ತದೆ. ಮೂಲ ಫೈಲ್ ಅಳಿಸಬೇಡಿ. ಕೋರ್ಟಿಗೆ ಪ್ರತಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಪ್ರಮಾಣಪತ್ರ ಜೊತೆಗೆ ಬೇಕಾಗುತ್ತದೆ.