ಹೇಗೂ ಬಂದಾಗಿದೆಯಲ್ಲ

ಚೀನಾದ ಹಾಂಗ್‌ಝೌಗೆ ಬಂದ ಹೊಸತರಲ್ಲಿ ಇಲ್ಲಿನ ಪ್ರವಾಸಿಗರನ್ನು ಕಂಡರೆ ನನಗೆ ನಗು. ಪಶ್ಚಿಮ ಸರೋವರದ ಹತ್ತಿರ ಬಸ್ಸು ನಿಲ್ಲುತ್ತದೆ. ಒಂದೇ ಬಣ್ಣದ ಟೋಪಿ ಹಾಕಿದ ನಲವತ್ತು ಜನ ಇಳಿದು, ಬಾವುಟ ಹಿಡಿದ ಗೈಡ್ ಹಿಂದೆ ಓಡಿ, ಫೋಟೊ ತೆಗೆಸಿಕೊಂಡು ಮತ್ತೆ ಬಸ್ಸು ಹತ್ತುತ್ತಾರೆ. 'ಬಸ್ಸು ಹತ್ತಿದರೆ ನಿದ್ದೆ, ಇಳಿದರೆ ಫೋಟೊ' ಅಂತ ಚೀನಾದವರೇ ಇದನ್ನು ಆಡಿಕೊಳ್ಳುತ್ತಾರೆ. ಇದರಲ್ಲಿ ಮನಸ್ಸಿಗೆ ಏನು ನೆಮ್ಮದಿ ಸಿಗುತ್ತೆ ಅಂತ ಎಲ್ಲರ ಹಾಗೆ ನಾನೂ ಕೇಳಿದವನೇ.

ಈಗ ಕೇಳುವುದಿಲ್ಲ. ಮೊದಲಿಗೆ, ಇವರಿಗೆ ಪುರುಸೊತ್ತೇ ಇಲ್ಲ. ದುಡಿಯಲು ಶುರುಮಾಡಿ ಹತ್ತು ವರ್ಷ ತುಂಬುವವರೆಗೆ ಕಾನೂನು ಕೊಡಿಸುವ ಸಂಬಳದ ರಜೆ ವರ್ಷಕ್ಕೆ ಬರೀ 5 ದಿನ. ಹಾಗಾಗಿ ಅಕ್ಟೋಬರ್ 1ರಿಂದ ಶುರುವಾಗುವ 'ಬಂಗಾರದ ವಾರ'ದಲ್ಲಿ ಇಡೀ ದೇಶ ಒಟ್ಟಿಗೆ ಗಂಟುಮೂಟೆ ಕಟ್ಟುತ್ತದೆ. 1999ರಿಂದ ಇದೇ ಕಥೆ. ಆ ರಜೆ ಉದ್ದವಾಗಲಿ ಅಂತ ಹಿಂದೆ ಮುಂದೆ ಶನಿವಾರವೋ ಭಾನುವಾರವೋ ಕೆಲಸ ಮಾಡಿ ತೀರಿಸಬೇಕು ಬೇರೆ. ನಮ್ಮ ಆಫೀಸಿನಲ್ಲಿ ಅದಕ್ಕೆ ಗೊಣಗದವರಿಲ್ಲ.

ಇನ್ನೊಂದು ಕಾರಣ ನನಗೆ ಗೊತ್ತಾಗಿದ್ದು ತೈಶಾನ್ ಬೆಟ್ಟದಲ್ಲಿ. ಆಫೀಸಿನ ಗೆಳೆಯನೊಬ್ಬ ಅಪ್ಪ ಅಮ್ಮನನ್ನು ಕರೆದುಕೊಂಡು ಹೊರಟಿದ್ದ, ನನ್ನನ್ನೂ ಎಳೆದುಕೊಂಡು ಹೋದ. ಅವನ ಅಮ್ಮನನ್ನು ನಾನು 'ಆಯಿ' ಅಂತ ಕರೆಯುತ್ತಿದ್ದೆ. ಚೀನಿ ಭಾಷೆಯಲ್ಲಿ ಹಾಗಂದರೆ ಚಿಕ್ಕಮ್ಮ. ನಮ್ಮ ಉತ್ತರ ಕನ್ನಡದಲ್ಲಿ ಅಮ್ಮನೇ ಆಯಿ ಅಂದೆ. ಆಕೆಗೆ ಬಹಳ ಖುಷಿಯಾಯಿತು.

ಆಯಿಗೆ ಮಂಡಿ ನೋವು. ದೊಡ್ಡವರಿಬ್ಬರನ್ನೂ ರೋಪ್‌ವೇಯಲ್ಲಿ ಕಳಿಸಿ ನಾವು ನಡೆದೆವು. 6,000ಕ್ಕೂ ಜಾಸ್ತಿ ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ ಜಂಬವೆಲ್ಲ ಅರ್ಧ ದಾರಿಯಲ್ಲೇ ಇಳಿದುಹೋಯಿತು. ಕೊನೆಯ 'ಹದಿನೆಂಟು ತಿರುವು' ಶುರುವಾಗುವ ಕಡೆ ಗೆಳೆಯ ಕೂತುಬಿಟ್ಟ. "ನನ್ನ ರಜೆ ಅಂದರೆ ಈ ನಾಲ್ಕು ಗಂಟೆ ಅಷ್ಟೇ" ಅಂದ. ಮೇಲೆ ಹೋದಮೇಲೆ ರೂಮು, ಊಟ, ಅಪ್ಪನ ಮಾತ್ರೆ ಎಲ್ಲ ಅವನದೇ ಜವಾಬ್ದಾರಿ. ಕೆಲಸ ಹೋಗಬಹುದು ಅನ್ನುವ ಹೆದರಿಕೆ ಬೇರೆ ಇತ್ತಂತೆ. ಮನೆಯಲ್ಲಿ ಹೇಳಿರಲಿಲ್ಲ. ಸಿಹಿಸುದ್ದಿ ಮನೆಗೆ ಮುಟ್ಟಿಸು, ಕಷ್ಟ ನಿನ್ನಲ್ಲೇ ಇಟ್ಟುಕೋ ಅನ್ನುವುದು ಇಲ್ಲಿನ ಹಳೇ ರೂಢಿ. ನಾನೇನು ಕಮ್ಮಿ? ಜ್ವರ ಬಂದರೆ ಅಮ್ಮನಿಗೆ ಹೇಳುವುದು ವಾಸಿಯಾದ ಮೇಲೆ.

ಇಲ್ಲಿನವರು ಪ್ರವಾಸಕ್ಕೆ 'ಸಾನ್ ಶಿನ್' ಅಂತಲೂ ಅನ್ನುತ್ತಾರೆ, ಎದೆಯಲ್ಲಿ ಕಟ್ಟಿಕೊಂಡದ್ದನ್ನು ಚದುರಿಸುವುದು ಅಂತ. ಅವನಿಗೆ ಅದು ಆಗಿದ್ದು ಆ ಮೆಟ್ಟಿಲ ಮೇಲೆ. ಆದರೆ ಅವನು ಬಂದದ್ದು ಅದಕ್ಕಲ್ಲ. ಅಪ್ಪ ಅಮ್ಮ ಇರುವಾಗ ಮಕ್ಕಳು ದೂರ ಹೋಗಬಾರದು, ಹೋದರೂ ಎಲ್ಲಿಗೆ ಅನ್ನುವುದು ಗೊತ್ತಿರಬೇಕು ಅಂದವನು ಕನ್‌ಫ್ಯೂಷಿಯಸ್. ಇವತ್ತಿನ ಮಕ್ಕಳು ಅಪ್ಪ ಅಮ್ಮನನ್ನೇ ಜೊತೆಗೆ ಕರೆದುಕೊಂಡು ಹೊರಡುತ್ತಾರೆ. ಈ ಪ್ರವಾಸದಲ್ಲಿ ಸಿಗುವುದು ದಣಿವಾರಿದ ಸುಖವಲ್ಲ. ತಲೆ ಮೇಲಿದ್ದ ಒಂದು ಭಾರ ಇಳಿಸಿದ ಸಮಾಧಾನ. ಎರಡನ್ನೂ ಒಂದೇ ಅಂದುಕೊಂಡು ನೋಡಿದರೆ ಇವರು ಸುಮ್ನೆ ಓಡಾಡುವ ಹಾಗೆ ಕಾಣುತ್ತದೆ. ಹಾಗಂತ ಇದಕ್ಕೆ ಬೆಲೆ ತೆರಬೇಕಿಲ್ಲ ಅಂತಲ್ಲ, ಮಗನ ದಣಿವು ಯಾವ ಫೋಟೊದಲ್ಲೂ ಬೀಳುವುದಿಲ್ಲ.

ನಮ್ಮಲ್ಲೂ ಹೀಗೇ ಅಲ್ವಾ? 'ಕೋಶ ಓದು, ದೇಶ ಸುತ್ತು' ಅಂತ ನಾವು ಹೇಳಿದರೆ, ಇವರು ಹತ್ತು ಸಾವಿರ ಪುಸ್ತಕ ಓದು, ಹತ್ತು ಸಾವಿರ ಹರಿದಾರಿ ನಡೆ ಅನ್ನುತ್ತಾರೆ. ಮಾತು ಒಂದೇ, ಲೆಕ್ಕ ಮಾತ್ರ ದೊಡ್ಡದು. ಆದರೆ ಒಂದು ವ್ಯತ್ಯಾಸ ಇದೆ. ನಮಗೆ ಹರಕೆಯ ನೆಪ ಇರುತ್ತದೆ. ಧರ್ಮಸ್ಥಳದ ಕ್ಯೂನಲ್ಲಿ ಕಾಲು ನೋವು ಬಂದರೆ ಮಂಜುನಾಥನ ಮೇಲೆ ಭಾರ ಹಾಕಿ ನಿಲ್ಲುತ್ತೇವೆ. ನನ್ನ ಗೆಳೆಯನಿಗೆ ಆ ಅನುಕೂಲವೂ ಇರಲಿಲ್ಲ.

ಬೆಳಗಿನ ಜಾವ ಬಾಡಿಗೆಯ ಮಿಲಿಟರಿ ಕೋಟು ಹೊದ್ದು ಸೂರ್ಯನಿಗೆ ಕಾದೆವು. ಪೂರ್ತಿ ಮಂಜು. ಸೂರ್ಯ ಬರಲೇ ಇಲ್ಲ. ನಾನು ಮುಖ ಸಪ್ಪೆ ಮಾಡಿದರೆ ಆಯಿ "ಲೈ ದೋ ಲೈ ಲ" ಅಂದರು. ಹೇಗೂ ಬಂದಾಗಿದೆಯಲ್ಲ, ಅಂತ. ನಮ್ಮಮ್ಮನೂ ಇದೇ ಮಾತು ಹೇಳಿಯೇ ಧರ್ಮಸ್ಥಳದಿಂದ ಸುಬ್ರಹ್ಮಣ್ಯಕ್ಕೆ, ಅಲ್ಲಿಂದ ಇನ್ನೆಲ್ಲಿಗೋ ನಮ್ಮನ್ನೆಲ್ಲ ಹೊರಡಿಸುತ್ತಿದ್ದುದು.

5 ಯುವಾನ್ ನೋಟಿನ ಹಿಂಬದಿಯಲ್ಲಿ ತೈಶಾನ್ ಚಿತ್ರ ಇದೆ. ಆ ನೋಟು ಹಿಡಿದು ಫೋಟೊ ತೆಗೆಸಿಕೊಳ್ಳಲು ಬಂಡೆಯ ಮುಂದೆ ದೊಡ್ಡ ಕ್ಯೂ. ನಾವೂ ನಿಂತೆವು. ಆಯಿ ನನ್ನನ್ನೂ ಮಧ್ಯಕ್ಕೆ ಎಳೆದುಕೊಂಡರು.

ಆ ಫೋಟೊ ಅಮ್ಮನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು. "ಮಂಡಿ ನೋವಿರೋ ಆಯಮ್ಮನ್ನ ಅಷ್ಟು ಮೆಟ್ಟಿಲು ಹತ್ತಿಸಿದ್ರೇನೋ?"