ಗೀಕ್ ಕೋಡ್ ಬರೀ ಜಂಬ ಆಗಿರಲಿಲ್ಲ

ಕಂಪ್ಯೂಟರ್ ಹುಚ್ಚಿನವರು ತಮ್ಮ ಆಸಕ್ತಿಗಳನ್ನು ಅಕ್ಷರ, ಚಿಹ್ನೆಗಳಲ್ಲಿ ಬರೆದು ಈಮೇಲ್ ಕೊನೆಯಲ್ಲಿ ಸಹಿಯಂತೆ ಹಾಕುತ್ತಿದ್ದ ಗೀಕ್ ಕೋಡನ್ನು ನಿಮ್ಮ ಲೇಖನದಲ್ಲಿ ನೆನಪಿಸಿದ್ದಕ್ಕೆ ಥ್ಯಾಂಕ್ಸ್. ಆದರೆ ಅದು ಜಂಬ ಕೊಚ್ಚಿಕೊಳ್ಳುವ ಸಹಿ ಅಷ್ಟೇ ಎಂದು ಲೇಖನದಲ್ಲಿ ಬರೆದಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ.

1993ರಲ್ಲಿ ರಾಬರ್ಟ್ ಹೇಡನ್ ಶುರು ಮಾಡಿದ ಕೋಡ್ ಅದು. ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ‘ಪಿ’, ಈಮ್ಯಾಕ್ಸ್ ಎಂಬ ಪಠ್ಯ ಬರೆಯುವ ತಂತ್ರಾಂಶಕ್ಕೆ ‘ಇ’, ಸ್ಟಾರ್ ಟ್ರೆಕ್ ಟಿವಿ ಸರಣಿಗೆ ಸಣ್ಣ ‘ಟಿ’. ಪಕ್ಕದಲ್ಲಿ + ಜಾಸ್ತಿಯಾದಷ್ಟೂ ಹುಚ್ಚು ಜಾಸ್ತಿ. ಇಷ್ಟು ಎಲ್ಲರಿಗೂ ಗೊತ್ತು. ನನಗೆ ಹಿಡಿಸುವುದು ಉಳಿದ ಚಿಹ್ನೆಗಳು. $ ಇದ್ದರೆ ಆ ಕೆಲಸದಿಂದಲೇ ಹೊಟ್ಟೆಪಾಡು ಎಂದರ್ಥ. > ಇದ್ದರೆ ಈಗ ಇಲ್ಲಿದ್ದೇನೆ, ಅಲ್ಲಿಗೆ ಮುಟ್ಟಬೇಕು ಅಂತ ಆಸೆ. ? ಹಾಕಿದರೆ ಆ ವಿಷಯ ಗೊತ್ತೇ ಇಲ್ಲ. ‘ನನಗೆ ಗೊತ್ತಿಲ್ಲ’ ಅನ್ನುವುದಕ್ಕೂ ಒಂದು ಚಿಹ್ನೆ ಇಟ್ಟಿದ್ದರು! ಈಗಿನ ಯಾವ ಪ್ರೊಫೈಲಿನಲ್ಲಿ ಅದಕ್ಕೆ ಜಾಗ ಇದೆ ಹೇಳಿ?

ಇನ್ನೊಂದು ವಿಷಯ ಲೇಖನದಲ್ಲಿ ಬಿಟ್ಟುಹೋಗಿದೆ. ಇದರ ಮೂಲ ಕಂಪ್ಯೂಟರ್ ಮಂದಿಯದಲ್ಲ. ಸಲಿಂಗಿ ಗಂಡಸರ ‘ಬೇರ್’ (ಕರಡಿ) ಬಳಗದವರು 1989ರಲ್ಲೇ ಗಡ್ಡ, ಮೈಕಟ್ಟುಗಳನ್ನು ಹೀಗೆ ಅಕ್ಷರ, ಚಿಹ್ನೆಗಳಲ್ಲಿ ಬರೆದುಕೊಳ್ಳುತ್ತಿದ್ದರು. ಅವರಿಗೆ ಮಾದರಿಯಾಗಿದ್ದು ಖಗೋಳ ವಿಜ್ಞಾನಿಗಳು ನಕ್ಷತ್ರ, ಗೆಲಾಕ್ಸಿಗಳನ್ನು ವಿಂಗಡಿಸುವ ಪದ್ಧತಿ. ಬೇರ್ ಬಳಗದ ಋಣವನ್ನು ಹೇಳದೆ ಈ ಕಥೆ ಪೂರ್ತಿ ಆಗಲ್ಲ, ಅಲ್ವಾ?

ಗೀಕ್ ಕೋಡಿನ 3.12ನೇ ಆವೃತ್ತಿ ಬಂದದ್ದು 1996ರಲ್ಲಿ, ಆಮೇಲೆ ಅದು ಬೆಳೆಯಲಿಲ್ಲ. ಹಾಗಾಗಿ ಓಎಸ್/2, ವಿಎಂಎಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂಗಳಿಗೆ ಇವತ್ತಿಗೂ ಅದರಲ್ಲಿ ಒಂದೊಂದು ಅಕ್ಷರ ಇದೆ, ಮೊಬೈಲಿಗೆ ಇಲ್ಲ. ಹಳೆಯ ಸಹಿ ಯಾರ ಹತ್ತಿರವಾದರೂ ಉಳಿದಿದ್ದರೆ ದಯವಿಟ್ಟು ಇಲ್ಲಿ ಹಾಕಿ, ಒಟ್ಟಿಗೆ ಕೂತು ಬಿಡಿಸೋಣ.